ನಾನಿದ್ದದ್ದು ಪುಣೆಯಲ್ಲಿ, ಕಂಪನಿ ಕಾಗದದಲ್ಲಿ ಮಾತ್ರ ಸಭೆಗೆ ಹಾಜರು

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಅಪ್ಪ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಒಟ್ಟು 10,000 ಶೇರು, ಒಂದಕ್ಕೆ 100 ರೂಪಾಯಿ ಮುಖಬೆಲೆ. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಹೆಸರಿಗೆ 4,600, ನನ್ನ ಹೆಸರಿಗೆ 2,800, ಅವ್ವನ ಹೆಸರಿಗೆ 1,500, ಕಾಕಾನ ಹೆಸರಿಗೆ 1,100 ಶೇರು ಬಂದಿವೆ. ಅಣ್ಣ, ಅತ್ತಿಗೆ ಇಬ್ಬರೇ ಡೈರೆಕ್ಟರು. ಪ್ರತಿ ವರ್ಷ ಆಫೀಸಿನ ಹುಡುಗ ಒಂದು ಫೈಲು ತರುತ್ತಾನೆ, ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕಿ ಕಳಿಸುತ್ತೇನೆ. ಈಗ ಗೊತ್ತಾಗಿದ್ದು, ಕೆಲವು ತಿಂಗಳ ಹಿಂದೆ ಒಂದು ಇಜಿಎಂ (ಶೇರುದಾರರ ವಿಶೇಷ ಸಭೆ) ನಡೆದಿದೆಯಂತೆ. ಅದರಲ್ಲಿ ಕಂಪನಿಯ ಬಂಡವಾಳದ ಮಿತಿಯನ್ನು 10 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದ್ದಾರೆ. ಇನ್ನು ಮುಂದೆ ಸಭೆಗೆ 3 ದಿನದ ನೋಟಿಸ್ ಸಾಕು ಅಂತ ಆರ್ಟಿಕಲ್ಸ್ (ಕಂಪನಿಯ ಒಳನಿಯಮಗಳು) ಕೂಡ ತಿದ್ದಿದ್ದಾರೆ. ‘ಎಲ್ಲ ಸದಸ್ಯರೂ ಹಾಜರಿದ್ದು ಸರ್ವಾನುಮತದಿಂದ’ ಅಂತ ಬರೆದಿದೆ. ಆ ದಿನ ನಾನು ಮಗಳ ಬಾಣಂತನಕ್ಕೆ ಪುಣೆಯಲ್ಲಿದ್ದೆ. ನಾನಿಲ್ಲದೆ ನಡೆದ ಸಭೆ ಊರ್ಜಿತವೇ? ನನಗೆ ಏನಾದರೂ ಅಧಿಕಾರ ಇದೆಯೇ?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಕುಟುಂಬದ ಕಂಪನಿಗಳ ಕಾಗದ ನೋಡುವುದೇ ನನ್ನ ಕೆಲಸ. ಆ ಪೆನ್ಸಿಲ್ ಗುರುತು ನನಗೆ ಚೆನ್ನಾಗಿ ಗೊತ್ತು. ಮೊದಲು ಧೈರ್ಯದ ಮಾತು ಹೇಳುತ್ತೇನೆ. 28 ಪರ್ಸೆಂಟ್ ಅಂದರೆ ಸಣ್ಣ ಪಾಲಲ್ಲ. ಕಾನೂನು ಆ ಪಾಲಿಗೆ ಗಟ್ಟಿ ಅಧಿಕಾರವನ್ನೇ ಕೊಟ್ಟಿದೆ. ಆದರೆ ಆ ಅಧಿಕಾರ ಕೆಲಸ ಮಾಡುವುದು ನೀವು ಸಭೆಯಲ್ಲಿ ಕೂತಿದ್ದಾಗ. ಸಭೆಗೆ ಬರಬೇಕಾದರೆ ಸಭೆ ಇದೆ ಅಂತ ಗೊತ್ತಾಗಬೇಕು, ಅಲ್ವಾ? ಹಾಗಾಗಿ ನಿಮ್ಮ ಇಡೀ ಪ್ರಕರಣ ನಿಂತಿರುವುದು ಒಂದೇ ಒಂದು ಕಾಗದದ ಮೇಲೆ, ನೋಟಿಸ್ ಮೇಲೆ.

2013ರ ಕಂಪನಿ ಕಾಯ್ದೆಯ ಸೆಕ್ಷನ್ 101ರ ಪ್ರಕಾರ ಶೇರುದಾರರ ಸಭೆಗೆ ಪೂರ್ತಿ 21 ದಿನದ ನೋಟಿಸ್ ಕೊಡಬೇಕು. ಪೂರ್ತಿ ಅಂದರೆ ಕಳಿಸಿದ ದಿನ, ಸಭೆಯ ದಿನ ಎರಡನ್ನೂ ಬಿಟ್ಟು. ಅಂಚೆಯಲ್ಲಿ ಕಳಿಸಿದರೆ ತಲುಪಲು ಇನ್ನೂ 2 ದಿನ ಸೇರಿಸಬೇಕು. ಜೂನ್ 1ಕ್ಕೆ ಪೋಸ್ಟ್ ಮಾಡಿದ ನೋಟಿಸಿಗೆ ಜೂನ್ 25ಕ್ಕಿಂತ ಮೊದಲು ಸಭೆ ಮಾಡುವ ಹಾಗಿಲ್ಲ. ಇಮೇಲ್‌ನಲ್ಲೂ ಕಳಿಸಬಹುದು. ಫೋನ್ ಮಾಡಿ ‘ನಾಳೆ ಮೀಟಿಂಗ್ ಇದೆ’ ಅಂದರೆ ಅದು ನೋಟಿಸ್ ಅಲ್ಲ. ನೋಟಿಸಿನಲ್ಲಿ ಜಾಗ, ದಿನ, ಗಂಟೆ, ಏನೇನು ತೀರ್ಮಾನ ಆಗಬೇಕು ಎಲ್ಲ ಇರಬೇಕು. ಆರ್ಟಿಕಲ್ಸ್ ತಿದ್ದುವಂಥ ವಿಷಯವಿದ್ದರೆ ಯಾಕೆ ತಿದ್ದುತ್ತಿದ್ದೇವೆ ಅನ್ನುವ ವಿವರಣೆಯನ್ನೂ ಜೊತೆಗೆ ಲಗತ್ತಿಸಬೇಕು. ಇದು ಸೆಕ್ಷನ್ 102.

ಇಲ್ಲಿ ಒಂದು ಒಳದಾರಿ ಇದೆ, ಗಮನಿಸಿ. 2015ರ ಜೂನ್ 5ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಪ್ರೈವೇಟ್ ಕಂಪನಿಗಳಿಗೆ ರಿಯಾಯಿತಿ ಕೊಟ್ಟಿತು. ಸೆಕ್ಷನ್ 101ರಿಂದ 107 ಮತ್ತು 109, ಅಂದರೆ ನೋಟಿಸ್, ಕೋರಂ (ಸಭೆಗೆ ಬೇಕಾದ ಕನಿಷ್ಠ ಜನ), ಪ್ರಾಕ್ಸಿ (ನಮ್ಮ ಬದಲಿಗೆ ಹೋಗುವವರು), ಪೋಲ್ (ಶೇರಿನ ಲೆಕ್ಕದ ಮತದಾನ) ಇವೆಲ್ಲ, ಆರ್ಟಿಕಲ್ಸ್‌ನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಮಾತ್ರ ಅನ್ವಯ. ನಿಮ್ಮ ಅಣ್ಣ ತಿದ್ದುಪಡಿಗೆ ಕೈ ಹಾಕಿದ್ದು ಇದಕ್ಕೇ. 3 ದಿನದ ನೋಟಿಸ್ ಅಂತ ಆರ್ಟಿಕಲ್ಸ್‌ನಲ್ಲಿ ಬರೆದುಬಿಟ್ಟರೆ ಮುಂದಿನ ಸಭೆಗಳಿಗೆ ಅದೇ ನಿಯಮ. ನನಗೆ ಬಂಡವಾಳ ಏರಿಸಿದ್ದಕ್ಕಿಂತ ಇದೇ ಜಾಸ್ತಿ ಆತಂಕದ ವಿಷಯ ಅನ್ನಿಸುತ್ತದೆ. ಆದರೆ 2017ರಲ್ಲಿ ಆ ರಿಯಾಯಿತಿಗೆ ಒಂದು ಷರತ್ತು ಸೇರಿತು. ವಾರ್ಷಿಕ ಲೆಕ್ಕಪತ್ರ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವುದರಲ್ಲಿ ಕಂಪನಿ ತಪ್ಪಿದ್ದರೆ ರಿಯಾಯಿತಿ ಸಿಗುವುದಿಲ್ಲ. ನಿಮ್ಮ ಕಂಪನಿ ಎಓಸಿ-4 (ಲೆಕ್ಕಪತ್ರದ್ದು) ಮತ್ತು ಎಂಜಿಟಿ-7 ಅಥವಾ 7ಎ (ರಿಟರ್ನಿನದು) ಫಾರ್ಮುಗಳನ್ನು ಹಾಕಿದೆಯೇ ಅಂತ ನೋಡಿ. ಹಾಕಿಲ್ಲದಿದ್ದರೆ ಆರ್ಟಿಕಲ್ಸ್ ಏನೇ ಹೇಳಲಿ, 21 ದಿನ ಬೇಕೇ ಬೇಕು.

ಈಗ ಆ ಫೈಲಿನ ವಿಷಯಕ್ಕೆ ಬರೋಣ. ನೋಟಿಸ್ ಅವಧಿ ಕಡಿಮೆ ಮಾಡಲು ಕಾಯ್ದೆಯಲ್ಲೇ ದಾರಿ ಇದೆ. ಇಜಿಎಂಗೆ ಆದರೆ ಸದಸ್ಯರಲ್ಲಿ ಹೆಚ್ಚಿನವರು, ಅದೂ 95 ಪರ್ಸೆಂಟ್ ಬಂಡವಾಳ ಇರುವವರು, ಒಪ್ಪಿಗೆ ಕೊಟ್ಟರೆ ಒಂದೇ ದಿನದ ನೋಟಿಸಿನಲ್ಲೂ ಸಭೆ ಮಾಡಬಹುದು. ನಿಮ್ಮದೇ 28 ಪರ್ಸೆಂಟ್ ಇರುವಾಗ ನಿಮ್ಮ ಸಹಿ ಇಲ್ಲದೆ 95 ತುಂಬುವುದಿಲ್ಲ. ಆದ್ದರಿಂದ ನಿಮ್ಮ ಫೈಲಿನಲ್ಲಿ ಹೀಗೊಂದು ಹಾಳೆ ಇದ್ದಿರಬೇಕು ಅನ್ನುವುದು ನನ್ನ ಊಹೆ. ಮೇಲೆ ಕಂಪನಿಯ ಹೆಸರು. ಕೆಳಗೆ ಮೂರು ಸಾಲು ಇಂಗ್ಲಿಷ್: ಇಷ್ಟು ಶೇರು ಇರುವ ನಾನು ಕಡಿಮೆ ಅವಧಿಯ ನೋಟಿಸಿಗೆ ಒಪ್ಪಿದ್ದೇನೆ. ಸಭೆಯ ದಿನಾಂಕದ ಜಾಗದಲ್ಲಿ ಬರೀ ಚುಕ್ಕೆಗಳ ಸಾಲು. ಕೆಳಗಿನ ಬಲಮೂಲೆಯಲ್ಲಿ ಪೆನ್ಸಿಲಿನ ಗುಣಾಕಾರ ಚಿಹ್ನೆ, ಅದರ ಪಕ್ಕ ನಿಮ್ಮ ಸಹಿ. ಈ ಹಾಳೆಯನ್ನು ನಾನು ಎಷ್ಟೋ ಮನೆಗಳ ಫೈಲಿನಲ್ಲಿ ನೋಡಿದ್ದೇನೆ. ಸಹಿ ಹಾಕಿದವರಲ್ಲಿ ಹೆಚ್ಚಿನವರಿಗೆ ಅದು ಏನು ಅಂತಲೇ ಗೊತ್ತಿರುವುದಿಲ್ಲ. ಅಣ್ಣನ ಮೇಲಿನ ನಂಬಿಕೆಗೆ ಹಾಕಿದ ಸಹಿ ಅದು.

ಆ ಹಾಳೆ ಯಾಕೆ ಅಷ್ಟು ಮುಖ್ಯ? ಲೆಕ್ಕ ಹಾಕಿ ನೋಡಿ. ಆರ್ಟಿಕಲ್ಸ್ ತಿದ್ದಲು ವಿಶೇಷ ನಿರ್ಣಯ ಬೇಕು. ವಿಶೇಷ ನಿರ್ಣಯ ಅಂದರೆ ಪರವಾಗಿ ಬಿದ್ದ ಮತ, ವಿರುದ್ಧ ಬಿದ್ದ ಮತದ ಕನಿಷ್ಠ ಮೂರು ಪಟ್ಟು ಇರಬೇಕು. ಗಮನಿಸಿ, ಲೆಕ್ಕ ಬಿದ್ದ ಮತದ್ದು ಮಾತ್ರ. ಮನೆಯಲ್ಲಿ ಕೂತವರ ಮತ ಯಾವ ಕಡೆಗೂ ಇಲ್ಲ. ಪ್ರೈವೇಟ್ ಕಂಪನಿಗೆ ಕೋರಂ ಇಬ್ಬರೇ. ‘ನಾನು ಹೋಗದಿದ್ದರೆ ಮೀಟಿಂಗ್ ಆಗಲ್ಲ’ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ನೋಟಿಸ್ ಸರಿಯಾಗಿದ್ದು ನೀವು ಹೋಗದಿದ್ದರೆ ಉಳಿದ ಮೂವರೇ ವಿಶೇಷ ನಿರ್ಣಯ ಪಾಸು ಮಾಡಬಹುದು, ಅದು ಊರ್ಜಿತ. ನೀವು ಹೋಗಿದ್ದರೆ? ನಿಮ್ಮ 2,800ರ ಮೂರು ಪಟ್ಟು 8,400. ಉಳಿದ ಮೂವರದು ಒಟ್ಟು ಸೇರಿಸಿದರೂ 7,200. ನಿರ್ಣಯ ಬಿದ್ದುಹೋಗುತ್ತಿತ್ತು. ನಿಮ್ಮನ್ನು ಪುಣೆಯಲ್ಲಿರುವಾಗ ಕಾಗದದ ಮೇಲೆ ಹಾಜರು ಮಾಡಿದ್ದರಿಂದ ಆದದ್ದು ಇಷ್ಟು: ಬೀಳಬೇಕಾಗಿದ್ದ ನಿರ್ಣಯ ಸರ್ವಾನುಮತದ್ದಾಯಿತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ನಿಮಗೆ ನೋಟಿಸ್ ಬಂದಿಲ್ಲ ಅಂತಾದರೆ, ಆ ಸಭೆಗೆ ಅಂತಲೇ ನೀವು ಒಪ್ಪಿಗೆ ಕೊಟ್ಟಿಲ್ಲ ಅಂತಾದರೆ, ಆ ಸಭೆಯ ನಿರ್ಣಯಗಳನ್ನು ಪ್ರಶ್ನಿಸಲು ಗಟ್ಟಿ ಆಧಾರ ಇದೆ. ‘ಕಣ್ತಪ್ಪಿನಿಂದ ನೋಟಿಸ್ ಬಿಟ್ಟುಹೋದರೆ ಸಭೆ ರದ್ದಾಗುವುದಿಲ್ಲ’ ಅಂತ ಸೆಕ್ಷನ್ 101ರಲ್ಲಿ ಒಂದು ಸಾಲಿದೆ, ನಿಮ್ಮ ಅಣ್ಣನ ವಕೀಲರು ಅದನ್ನೇ ಹಿಡಿಯಬಹುದು. ಆದರೆ ನಾಲ್ಕೇ ಜನರ ಕಂಪನಿಯಲ್ಲಿ ಎರಡನೇ ದೊಡ್ಡ ಶೇರುದಾರಳ ಹೆಸರು ಕಣ್ತಪ್ಪಿ ಹೋಯಿತು ಅಂತ ಒಪ್ಪಿಸುವುದು ಕಷ್ಟ. ಅದರಲ್ಲೂ ಅವರು ನಿಮ್ಮನ್ನು ಹಾಜರು ಅಂತ ಬರೆದಿರುವಾಗ. ಪುಣೆಯ ರೈಲು ಟಿಕೆಟ್, ಆಸ್ಪತ್ರೆಯ ಬಿಲ್ಲು, ಆ ದಿನದ ಫೋಟೋ, ಎಲ್ಲವನ್ನೂ ಒಂದು ಕಡೆ ಜೋಪಾನ ಮಾಡಿ.

ಮಿನಿಟ್ಸ್ ಪುಸ್ತಕ, ಅಂದರೆ ಸಭೆಯ ನಡಾವಳಿ ಬರೆದಿಡುವ ಪುಸ್ತಕ, ನೋಡುವ ಹಕ್ಕು ನಿಮಗಿದೆ. ಸೆಕ್ಷನ್ 119ರ ಪ್ರಕಾರ ಶೇರುದಾರರ ಸಭೆಯ ಮಿನಿಟ್ಸ್ ಅನ್ನು ಯಾವ ಸದಸ್ಯರಾದರೂ ರಿಜಿಸ್ಟರ್ಡ್ ಆಫೀಸಿನಲ್ಲಿ ಪುಕ್ಕಟೆ ನೋಡಬಹುದು. ಪ್ರತಿ ಕೆಲಸದ ದಿನ ಕನಿಷ್ಠ ಎರಡು ಗಂಟೆ ಅದಕ್ಕೆ ತೆರೆದಿಡಬೇಕು. ನಕಲು ಕೇಳಿದರೆ 7 ಕೆಲಸದ ದಿನದೊಳಗೆ ಕೊಡಬೇಕು, ಒಂದು ಪುಟಕ್ಕೆ 10 ರೂಪಾಯಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಬೋರ್ಡ್ ಸಭೆಯ ಮಿನಿಟ್ಸ್ ಮಾತ್ರ ನಿಮಗೆ ಸಿಗುವುದಿಲ್ಲ, ಅದು ಡೈರೆಕ್ಟರುಗಳಿಗೆ ಸೀಮಿತ.

ಪುಸ್ತಕ ಕೈಗೆ ಬಂದಾಗ ಬರೀ ಓದಿ ಇಡಬೇಡಿ, ಹಾಳೆಗಳನ್ನು ನೋಡಿ. ಸಭೆಯಾದ 30 ದಿನದೊಳಗೆ ಮಿನಿಟ್ಸ್ ಪುಸ್ತಕಕ್ಕೆ ಏರಬೇಕು. ಪುಟಗಳಿಗೆ ಕ್ರಮವಾಗಿ ಸಂಖ್ಯೆ ಇರಬೇಕು. ಹಾಳೆ ಅಂಟಿಸುವಂತಿಲ್ಲ. ಪ್ರತಿ ಪುಟಕ್ಕೆ ಅಧ್ಯಕ್ಷರ ಚಿಕ್ಕ ಸಹಿ, ಕೊನೆಯ ಪುಟಕ್ಕೆ ಪೂರ್ಣ ಸಹಿ ಮತ್ತು ದಿನಾಂಕ ಬೇಕು. ಒಮ್ಮೆ ಒಂದು ದಾಯಾದಿ ಜಗಳದಲ್ಲಿ ನನ್ನ ಮುಂದೆ ಬಂದ ಪುಸ್ತಕದಲ್ಲಿ ಆರು ವರ್ಷದ ಸಭೆಗಳು ಒಂದೇ ನೀಲಿ ಇಂಕಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದವು. 41ನೇ ಪುಟ ಆದ ಮೇಲೆ 41-ಎ ಅಂತ ಇನ್ನೊಂದು ಪುಟ. ಆ 41-ಎ ಪುಟದಲ್ಲೇ ಜಗಳಕ್ಕೆ ಕಾರಣವಾದ ನಿರ್ಣಯ ಇತ್ತು. ಸರಿಯಾಗಿ ಬರೆದ ಮಿನಿಟ್ಸ್ ಅನ್ನು, ಸುಳ್ಳು ಅಂತ ಸಾಬೀತಾಗುವವರೆಗೆ, ಕಾನೂನು ನಿಜ ಅಂತಲೇ ಹಿಡಿಯುತ್ತದೆ. ಆದ್ದರಿಂದ ಸಾಬೀತು ಮಾಡುವ ಭಾರ ನಿಮ್ಮ ಮೇಲಿದೆ. ಮಿನಿಟ್ಸ್ ತಿದ್ದಿದ್ದು ಸಾಬೀತಾದರೆ 2 ವರ್ಷದವರೆಗೆ ಜೈಲು, 25,000ದಿಂದ 1 ಲಕ್ಷದವರೆಗೆ ದಂಡ ಇದೆ.

ಇನ್ನು ಬಂಡವಾಳದ ವಿಷಯ. 10 ಲಕ್ಷದ ಮಿತಿಯನ್ನು 40 ಲಕ್ಷಕ್ಕೆ ಏರಿಸಿದ್ದಾರೆ ಅಂದರೆ ಇನ್ನೂ 30,000 ಶೇರು ಹೊರಡಿಸಲು ಜಾಗ ಮಾಡಿಕೊಂಡಿದ್ದಾರೆ. ಮಿತಿ ಏರಿಸಿದ ಮಾತ್ರಕ್ಕೆ ನಿಮ್ಮ ಪಾಲು ಕರಗುವುದಿಲ್ಲ, ಶೇರು ಹಂಚಿದ ದಿನ ಕರಗುತ್ತದೆ. ಆ 30,000ವೂ ಬೇರೆಯವರಿಗೆ ಹೋಗಿ ನಿಮ್ಮದು 2,800ರಲ್ಲೇ ನಿಂತರೆ ನಿಮ್ಮ ಪಾಲು 28ರಿಂದ 7 ಪರ್ಸೆಂಟಿಗೆ ಇಳಿಯುತ್ತದೆ.

ಹೊರಗಿನವರಿಗೋ ತಮಗೆ ಬೇಕಾದವರಿಗೋ ಮಾತ್ರ ಶೇರು ಕೊಡಲು ವಿಶೇಷ ನಿರ್ಣಯ ಬೇಕು. ಅದನ್ನು ನೀವು ತಡೆಯಬಹುದು. ಆದರೆ ಇರುವ ಶೇರುದಾರರಿಗೇ ಅವರವರ ಪಾಲಿನ ಪ್ರಕಾರ ಶೇರು ಕೊಡುವ ರೈಟ್ಸ್ ಇಶ್ಯೂಗೆ ಬೋರ್ಡ್ ತೀರ್ಮಾನ ಸಾಕು. ಶೇರುದಾರರ ಸಭೆಯೇ ಬೇಡ. ನಿಮ್ಮ 28 ಪರ್ಸೆಂಟ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಡೈರೆಕ್ಟರುಗಳು ಅಣ್ಣ, ಅತ್ತಿಗೆ ಇಬ್ಬರೇ ಆದ್ದರಿಂದ ಒಂದು ಸಂಜೆಯಲ್ಲಿ ತೀರ್ಮಾನ ಆಗಬಹುದು. ಕಾಯ್ದೆ ನಿಮಗೆ ಕೊಡುವ ರಕ್ಷಣೆ ಆಫರ್ ಪತ್ರದ್ದು. ಅದನ್ನು ರಿಜಿಸ್ಟರ್ ಪೋಸ್ಟ್, ಸ್ಪೀಡ್ ಪೋಸ್ಟ್, ಇಮೇಲ್, ಕೊರಿಯರ್ ಹೀಗೆ ತಲುಪಿದ್ದಕ್ಕೆ ಸಾಕ್ಷಿ ಸಿಗುವ ರೀತಿಯಲ್ಲಿ, ಇಶ್ಯೂ ತೆರೆಯುವ ಕನಿಷ್ಠ 3 ದಿನ ಮೊದಲು ಕಳಿಸಬೇಕು. ಹಣ ಹಾಕಲು ಕನಿಷ್ಠ 7 ದಿನ ಕೊಡಬೇಕು, 30 ದಿನ ಮೀರಬಾರದು. ಇದಕ್ಕಿಂತ ಕಡಿಮೆ ಅವಧಿ ಬೇಕಾದರೆ 90 ಪರ್ಸೆಂಟ್ ಸದಸ್ಯರ ಒಪ್ಪಿಗೆ ಬೇಕು. ನಾಲ್ವರಲ್ಲಿ ನೀವೊಬ್ಬರು ಒಪ್ಪದಿದ್ದರೆ ಅದು 75ಕ್ಕೇ ನಿಂತಿತು.

ಅಂಥ ಪತ್ರ ಬಂದರೆ ಸಿಟ್ಟಿನಲ್ಲಿ ಮೂಲೆಗೆ ಎಸೆಯಬೇಡಿ. ನಿಮ್ಮ ಪಾಲಿಗೆ 8,400 ಶೇರು ಬರುತ್ತವೆ, 100 ರೂಪಾಯಿ ಮುಖಬೆಲೆಗೇ ಕೊಟ್ಟರೆ 8.4 ಲಕ್ಷ ರೂಪಾಯಿ. ಸಾಧ್ಯವಿದ್ದರೆ ಹಣ ಹೊಂದಿಸಿ ಕಟ್ಟಿ. ಜೊತೆಗೆ ‘ಇಜಿಎಂ ಪ್ರಶ್ನಿಸುವ ನನ್ನ ಹಕ್ಕನ್ನು ಬಿಟ್ಟುಕೊಡದೆ ಕಟ್ಟುತ್ತಿದ್ದೇನೆ’ ಅಂತ ಪತ್ರ ಬರೆಯಿರಿ. ಬಂಡವಾಳ ಹಾಕುವುದು ಸೋತಂತೆ ಅಂತ ನನ್ನ ಹತ್ತಿರ ಹಲವರು ವಾದಿಸಿದ್ದಾರೆ. ನಾನು ಒಪ್ಪುವುದಿಲ್ಲ. ಪಾಲು ಒಮ್ಮೆ ಕರಗಿದರೆ ಅದನ್ನು ವಾಪಸ್ ತರಲು ವರ್ಷಗಟ್ಟಲೆ ಬೇಕು. ಕಂಪನಿಗೆ ನಿಜವಾಗಿ ಹಣ ಬೇಕಿಲ್ಲದೆ, ತಮ್ಮ ಹಿಡಿತ ಗಟ್ಟಿ ಮಾಡಿಕೊಳ್ಳಲೆಂದೇ ಡೈರೆಕ್ಟರುಗಳು ಶೇರು ಹಂಚಿಕೊಂಡರೆ ನ್ಯಾಯಾಲಯ ಸುಮ್ಮನಿರುವುದಿಲ್ಲ. 2004ರಲ್ಲಿ ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಹಂಚಿಕೆಯನ್ನು ರದ್ದು ಮಾಡಿತು. ಡೈರೆಕ್ಟರ್ ಕಂಪನಿಯ ಹಿತಕ್ಕಾಗಿ ನಂಬಿಕೆಯಿಂದ ನಡೆಯಬೇಕು, ಆ ನಿಯಮ ಪ್ರೈವೇಟ್ ಕಂಪನಿಗೂ ಇದೆ.

ನೀವೇ ಸಭೆ ಕರೆಯಬಹುದೇ? ಖಂಡಿತ. ಹತ್ತನೇ ಒಂದು ಭಾಗ ಬಂಡವಾಳ ಇದ್ದವರು ಬರವಣಿಗೆಯಲ್ಲಿ ಕೇಳಿದರೆ ಬೋರ್ಡ್ 21 ದಿನದೊಳಗೆ ಸಭೆ ಕರೆಯಲು ಹೊರಡಬೇಕು, ಪತ್ರ ತಲುಪಿದ 45 ದಿನದೊಳಗೆ ಸಭೆ ನಡೆಯಬೇಕು. ಕರೆಯದಿದ್ದರೆ ನೀವೇ 3 ತಿಂಗಳೊಳಗೆ ಕರೆಯಬಹುದು. ಖರ್ಚನ್ನು ಕಂಪನಿ ನಿಮಗೆ ಕೊಟ್ಟು, ತಪ್ಪು ಮಾಡಿದ ಡೈರೆಕ್ಟರುಗಳ ಸಂಭಾವನೆಯಲ್ಲಿ ಮುರಿದುಕೊಳ್ಳಬೇಕು. ಯಾಕೆ ಕರೆಯುತ್ತಿದ್ದೀರಿ ಅಂತ ಕಾರಣ ಕೊಡಬೇಕಾಗಿಲ್ಲ ಅಂತ 1985ರಲ್ಲೇ ಎಲ್‌ಐಸಿ ಮತ್ತು ಎಸ್ಕಾರ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇತ್ತೀಚೆಗೆ ಝೀ ಕಂಪನಿಯ ಶೇರುದಾರ ಇನ್ವೆಸ್ಕೊ ಸಭೆ ಕೇಳಿದಾಗ ಬೋರ್ಡ್ ನಿರಾಕರಿಸಿತ್ತು. 2022ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ವಿಭಾಗೀಯ ಪೀಠ, ಬೇಕಾದಷ್ಟು ಶೇರು ಮತ್ತು ವಿಧಾನ ಸರಿಯಿದ್ದರೆ ಬೋರ್ಡ್ ಸಭೆ ಕರೆಯಲೇಬೇಕು ಅಂತ ಹೇಳಿತು.

ಆದರೆ ಸಭೆ ಕರೆಯುವುದೇ ಬೇರೆ, ಅಲ್ಲಿ ಗೆಲ್ಲುವುದೇ ಬೇರೆ. ಒಬ್ಬರೇ ಹೋದರೆ 28ಕ್ಕೆ 72. ಡೈರೆಕ್ಟರನ್ನು ಬದಲಿಸಲು ಸಾಧಾರಣ ಬಹುಮತ ಸಾಕು, ಅದು ನಿಮ್ಮೊಬ್ಬರ ಬಳಿ ಇಲ್ಲ. ಅವ್ವ ನಿಮ್ಮ ಕಡೆ ನಿಂತರೆ 43. ಅವ್ವ, ಕಾಕಾ ಇಬ್ಬರೂ ನಿಂತರೆ 54, ಅಣ್ಣನಿಗೆ 46. ನಿಮ್ಮ ಪತ್ರದಲ್ಲಿ ಅವ್ವನ ಮನಸ್ಸು ಏನು ಅಂತ ಬರೆದಿಲ್ಲ. ವಕೀಲರ ಹತ್ತಿರ ಹೋಗುವ ಮೊದಲು ಅವ್ವನ ಹತ್ತಿರ ಹೋಗಿ ಕೂತು ಒಂದು ಮಾತು ಕೇಳಿ: ಆ ದಿನ ನೀನಾದರೂ ಸಭೆಗೆ ಹೋಗಿದ್ದೆಯಾ? ಅವರೂ ಇಲ್ಲ ಅಂದರೆ ಆ ಸಭೆ ನಡೆದೇ ಇಲ್ಲ ಅನ್ನುವ ಕಡೆಗೆ ಪ್ರಕರಣ ತಿರುಗುತ್ತದೆ.

ಮುಂದೆ ಯಾವುದೇ ಸಭೆಗೆ ಹೋದಾಗ ಒಂದು ಮಾತನ್ನು ಮರೆಯಬೇಡಿ: ಪೋಲ್ ಕೇಳಿ. ಸಭೆಯಲ್ಲಿ ಮೊದಲು ಕೈ ಎತ್ತುವ ಮತದಾನ. ಅಲ್ಲಿ ಶೇರಿನ ಲೆಕ್ಕ ಇಲ್ಲ, ತಲೆಗೊಂದು ಮತ. ಅಣ್ಣ, ಅವ್ವ, ಕಾಕಾ ಪರವಾಗಿ ಕೈ ಎತ್ತಿ ನೀವು ವಿರುದ್ಧ ಎತ್ತಿದರೆ ಮೂರಕ್ಕೆ ಒಂದು. ಮೂರು ಅಂದರೆ ಒಂದರ ಸರಿಯಾಗಿ ಮೂರು ಪಟ್ಟು, ವಿಶೇಷ ನಿರ್ಣಯ ಪಾಸು! ಅದೇ ನಿರ್ಣಯಕ್ಕೆ ಪೋಲ್ ಆದರೆ 7,200ಕ್ಕೆ 2,800, ಫೇಲು. ಅದೇ ಕೋಣೆ, ಅದೇ ನಾಲ್ಕು ಜನ, ಎರಡು ಫಲಿತಾಂಶ. ಹತ್ತನೇ ಒಂದು ಭಾಗ ಮತಬಲ ಇದ್ದವರು ಕೇಳಿದರೆ ಅಧ್ಯಕ್ಷರು ಪೋಲ್ ನಡೆಸಲೇಬೇಕು. ಆದರೆ ಕೈ ಎತ್ತಿದ ಫಲಿತಾಂಶ ಘೋಷಿಸುವ ಮೊದಲು ಅಥವಾ ಘೋಷಿಸಿದ ಕೂಡಲೇ ಕೇಳಬೇಕು. ಚಹಾ ಕುಡಿದು ಮನೆಗೆ ಬಂದ ಮೇಲೆ ಕೇಳಿದರೆ ಆಗುವುದಿಲ್ಲ. ಬಾಯಲ್ಲಿ ಹೇಳಿದ್ದು ಮಿನಿಟ್ಸ್‌ಗೆ ಬರದೆ ಹೋಗಬಹುದು, ಹಾಗಾಗಿ ‘ಇಂಥ ನಿರ್ಣಯಕ್ಕೆ ಪೋಲ್ ಕೇಳುತ್ತೇನೆ’ ಅಂತ ಚೀಟಿ ಬರೆದು ಕೊಟ್ಟು, ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ನೀವು ಹೋಗಲಾಗದಿದ್ದರೆ ಪ್ರಾಕ್ಸಿ ಕಳಿಸಿ. ಶೇರುದಾರರೇ ಆಗಬೇಕಿಲ್ಲ, ಮಗಳೋ ಅಳಿಯನೋ ಆಗಬಹುದು. ಪ್ರಾಕ್ಸಿ ಫಾರ್ಮು ಸಭೆಗೆ 48 ಗಂಟೆ ಮೊದಲು ಕಂಪನಿಗೆ ತಲುಪಿರಬೇಕು. ಪ್ರಾಕ್ಸಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ, ಕೈ ಎತ್ತುವ ಹಕ್ಕೂ ಇಲ್ಲ, ಪೋಲ್‌ನಲ್ಲಿ ಮಾತ್ರ ಮತ ಹಾಕಬಹುದು. ಪೋಲ್ ಕೇಳುವ ಹಕ್ಕು ಮಾತ್ರ ಅವರಿಗೂ ಇದೆ. ಇವೆಲ್ಲಕ್ಕೂ ನಿಮ್ಮ ಆರ್ಟಿಕಲ್ಸ್‌ನಲ್ಲಿ ಬೇರೆ ಏನಾದರೂ ಬರೆದಿದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಎಜಿಎಂ (ಶೇರುದಾರರ ವಾರ್ಷಿಕ ಸಭೆ) ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿ ಸೆಪ್ಟೆಂಬರ್ 30ರೊಳಗೆ ಎಜಿಎಂ ಮಾಡಬೇಕು. ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ, ರಿಜಿಸ್ಟರ್ಡ್ ಆಫೀಸಿನಲ್ಲಿ ಅಥವಾ ಅದೇ ಊರಿನಲ್ಲಿ. ಎಜಿಎಂ ನಡೆದೇ ಇಲ್ಲದಿದ್ದರೆ ಒಂದೇ ಒಂದು ಶೇರು ಇದ್ದವರೂ ಎನ್‌ಸಿಎಲ್‌ಟಿಗೆ (ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಗೆ) ಅರ್ಜಿ ಹಾಕಿ ಸಭೆ ಕರೆಸಬಹುದು.

ಇಜಿಎಂ ರದ್ದು ಮಾಡಿಸಲು ಹೋಗಬೇಕಾದದ್ದೂ ಎನ್‌ಸಿಎಲ್‌ಟಿಗೇ, ಬೆಂಗಳೂರು ಪೀಠಕ್ಕೆ. ಹುಬ್ಬಳ್ಳಿಯ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಕಾಲ ಕಳೆಯಬೇಡಿ, ಎನ್‌ಸಿಎಲ್‌ಟಿಗೆ ಸೇರಿದ ವಿಷಯಗಳಲ್ಲಿ ಅದಕ್ಕೆ ಅಧಿಕಾರ ಇಲ್ಲ. ಸೆಕ್ಷನ್ 241ರ ದಬ್ಬಾಳಿಕೆಯ ಅರ್ಜಿಗೆ ಹತ್ತನೇ ಒಂದು ಭಾಗ ಶೇರು ಬೇಕು, ಅಥವಾ ಸದಸ್ಯರ ಸಂಖ್ಯೆಯಲ್ಲಿ ಹತ್ತನೇ ಒಂದು ಭಾಗ ಇರಬೇಕು. ನಿಮಗೆ ಎರಡೂ ಇದೆ. ನಾಳೆ ನಿಮ್ಮ ಪಾಲು 7 ಪರ್ಸೆಂಟಿಗೆ ಇಳಿದರೂ ನಾಲ್ವರಲ್ಲಿ ಒಬ್ಬರು ಅನ್ನುವ ಲೆಕ್ಕದಲ್ಲಿ ಅರ್ಜಿ ನಿಲ್ಲುತ್ತದೆ. ಆದರೆ ಸಭೆ ಕರೆಯುವ ಹಕ್ಕು, ಪೋಲ್ ಕೇಳುವ ಹಕ್ಕು, ವಿಶೇಷ ನಿರ್ಣಯ ತಡೆಯುವ ಬಲ ಎಲ್ಲ ಹೋಗಿರುತ್ತದೆ. ಆದ್ದರಿಂದ ಶೇರು ಹಂಚುವ ಮೊದಲೇ ಹೋಗುವುದು ಒಳ್ಳೆಯದು. ಅರ್ಜಿ ಮುಗಿಯುವವರೆಗೆ ಶೇರು ಹಂಚಬಾರದು ಅಂತ ಮಧ್ಯಂತರ ಆದೇಶ ಕೇಳಬಹುದು.

ಈ ವಾರ ಇಷ್ಟು ಮಾಡಿ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಕಂಪನಿಯ ದಾಖಲೆ ತೆರೆಯಿರಿ. ಎಂಜಿಟಿ-14 (ನಿರ್ಣಯದ್ದು), ಎಸ್‌ಎಚ್-7 (ಬಂಡವಾಳದ ಮಿತಿ ಏರಿಸಿದ್ದರದು) ಫಾರ್ಮುಗಳನ್ನು ಅವುಗಳ ಲಗತ್ತುಗಳ ಸಮೇತ ಇಳಿಸಿಕೊಳ್ಳಿ. ಕಡಿಮೆ ನೋಟಿಸಿನ ಒಪ್ಪಿಗೆ ಪತ್ರ ಅಲ್ಲಿದ್ದರೆ ಅದರ ಮೇಲಿನ ದಿನಾಂಕ ಯಾರ ಕೈಬರಹ ಅಂತ ನೋಡಿ. ಪಿಎಎಸ್-3 ಅನ್ನುವ ಫಾರ್ಮು ಇದ್ದರೆ ಶೇರು ಹಂಚಿಕೆ ಆಗಿಹೋಗಿದೆ ಅಂತ ಅರ್ಥ, ಆಗ ಅದೇ ದಿನ ವಕೀಲರನ್ನು ಕಾಣಿ.

ಆಮೇಲೆ ಕಂಪನಿಯ ರಿಜಿಸ್ಟರ್ಡ್ ಆಫೀಸಿಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ಮಿನಿಟ್ಸ್ ನೋಡಲು ಬರುವ ದಿನ ತಿಳಿಸಿ, ಆರ್ಟಿಕಲ್ಸ್ ಪ್ರತಿ ಕೇಳಿ. ನೋಟಿಸ್ ಕಳಿಸಬೇಕಾದ ವಿಳಾಸ, ಇಮೇಲ್ ಬರೆಯಿರಿ. ‘ಈ ಹಿಂದೆ ದಿನಾಂಕವಿಲ್ಲದೆ ಸಹಿ ಮಾಡಿದ ಯಾವುದೇ ಒಪ್ಪಿಗೆ ಪತ್ರ ಇದ್ದರೆ ಅದನ್ನು ಇಂದಿನಿಂದ ಹಿಂಪಡೆದಿದ್ದೇನೆ’ ಅನ್ನುವ ಸಾಲು ತಪ್ಪದೆ ಇರಲಿ. ಆಗಿಹೋದ ಸಭೆಗೆ ಅದು ಸಹಾಯ ಮಾಡುವುದಿಲ್ಲ, ಆದರೆ ಫೈಲಿನಲ್ಲಿ ಉಳಿದ ಹಾಳೆಗಳ ಬಲ ತೆಗೆಯುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅದಕ್ಕೆ ಅವತ್ತೇ ಜೆರಾಕ್ಸ್ ಮಾಡಿಸಿ ಪತ್ರದ ಪ್ರತಿಗೆ ಪಿನ್ ಮಾಡಿಡಿ. ಆಫೀಸಿನ ಹುಡುಗ ಮತ್ತೆ ಫೈಲು ತಂದರೆ, ಅವನಿಗೆ ಬೈಯಬೇಡಿ, ‘ಇಟ್ಟು ಹೋಗಪ್ಪ, ಓದಿ ಕಳಿಸುತ್ತೇನೆ’ ಅನ್ನಿ. ಪ್ರತಿ ಹಾಳೆಯ ಫೋಟೋ ತೆಗೆಯಿರಿ.